ದೃಷ್ಟಿ ಮಂದವಾಗಿರುವ ದೊಡ್ಡವ್ವನಿಗೆ ಯಾವ ರೇಡಿಯೋ ಕೊಡಿಸಬೇಕು?

ಪ್ರಶ್ನೆ: ವರದಾತೀರ

ಎಲ್ಲರಿಗೂ ನಮಸ್ಕಾರ.

ಹಾವೇರಿ ಜಿಲ್ಲೆಯ ಒಂದು ಹಳ್ಳಿಯಲ್ಲಿರುವ ನಮ್ಮ ದೊಡ್ಡವ್ವನಿಗೆ ಎಂಬತ್ತು ದಾಟಿದೆ. ಅಕ್ಷಿಪಟಲದ ನಡುಭಾಗ ವಯಸ್ಸಿನಿಂದ ಸವೆದಿರುವುದರಿಂದ ಅವರಿಗೆ ನೇರ ಎದುರಿಗಿರುವುದು ಮಸುಕಾಗಿ, ಅಂಚಿನ ನೋಟ ಮಾತ್ರ ಉಳಿದುಕೊಂಡಿದೆ ಎಂದು ವೈದ್ಯರು ಹೇಳಿದ್ದಾರೆ. ಹೀಗಾಗಿ ಅವರು ಮನೆಯೊಳಗೆ ಗೋಡೆ ಹಿಡಿಯದೆ ಓಡಾಡುತ್ತಾರೆ, ಹಿತ್ತಲಿಗೆ ಒಬ್ಬರೇ ಹೋಗಿ ಬರುತ್ತಾರೆ. ಆದರೆ ಗಡಿಯಾರದ ಮುಳ್ಳಾಗಲಿ, ಮೊಬೈಲಿನ ಅಂಕಿಯಾಗಲಿ, ಎದುರಿಗೆ ಕೂತವರ ಮುಖವಾಗಲಿ ಅವರಿಗೆ ತಿಳಿಯುವುದಿಲ್ಲ.

ಅವರ ದಿನವೆಲ್ಲ ಧಾರವಾಡ ಆಕಾಶವಾಣಿಯ ಜೊತೆ ಸಾಗುತ್ತದೆ. 1950ರ ಜನವರಿಯಲ್ಲಿ ಆ ಕೇಂದ್ರ ಆರಂಭವಾದಾಗ ಅವರಿನ್ನೂ ಚಿಕ್ಕ ಹುಡುಗಿ. ಬೆಳಗಿನ ಪ್ರದೇಶ ಸಮಾಚಾರ, ರೈತರ ಕಾರ್ಯಕ್ರಮ, ಸಂಜೆಯ ಜಾನಪದ ಗೀತೆಗಳು, ಇವಿಷ್ಟು ಕಿವಿಗೆ ಬಿದ್ದರೆ ಅವರಿಗೆ ನೆಮ್ಮದಿ. ಬಹಳ ವರ್ಷ ಬಳಸಿದ ಅವರ ರೇಡಿಯೋ ಈಗ ದುರಸ್ತಿಗೆ ಬಾರದ ಸ್ಥಿತಿಯಲ್ಲಿದೆ. ಅದರ ಬದಲಿಗೆ ನನ್ನ ತಮ್ಮ ಬ್ಲೂಟೂತ್, ಪೆನ್ ಡ್ರೈವ್, ಎಫ್‌ಎಂ ಎಲ್ಲವೂ ಇರುವ ಒಂದು ಸ್ಪೀಕರ್ ತಂದುಕೊಟ್ಟಿದ್ದಾನೆ. ಅದನ್ನು ಹಾಕಿದೊಡನೆ ಇಂಗ್ಲಿಷಿನಲ್ಲಿ ಏನನ್ನೋ ಹೇಳಿ ಸುಮ್ಮನಾಗುತ್ತದೆ. ಒಂದು ಚಿಕ್ಕ ಬಟನ್ನನ್ನು ಮತ್ತೆ ಮತ್ತೆ ಒತ್ತಿದ ಮೇಲಷ್ಟೇ ಎಫ್‌ಎಂ ಬರುತ್ತದೆ. ಆ ಬಟನ್ ಯಾವುದೆಂದು ದೊಡ್ಡವ್ವನಿಗೆ ಗೊತ್ತಾಗುವುದಿಲ್ಲ. ಸೊಸೆ ಹೊಲಕ್ಕೆ ಹೋದರೆ ಸಂಜೆಯವರೆಗೂ ರೇಡಿಯೋ ಇಲ್ಲ. ಯಾರನ್ನೂ ಕಾಯದೆ ತಮ್ಮ ಕೈಯಿಂದಲೇ ಹಾಕಿ ಆರಿಸುವಂತಹ ರೇಡಿಯೋ ಅವರಿಗೆ ಬೇಕಾಗಿದೆ.

ಅಂಗಡಿಯವರು ದೊಡ್ಡ ಅಂಕಿಗಳು ಬೆಳಗುವ ಡಿಜಿಟಲ್ ಸೆಟ್ ಒಯ್ಯಿರಿ ಎನ್ನುತ್ತಾರೆ. ಅಮೆರಿಕದಲ್ಲಿರುವ ನನ್ನ ಚಿಕ್ಕಪ್ಪನ ಮಗ, ನಿಲ್ದಾಣದ ಸಂಖ್ಯೆಯನ್ನು ಮಾತಿನಲ್ಲಿ ಹೇಳುವ ರೇಡಿಯೋ ಅಲ್ಲಿ ಸಿಗುತ್ತದೆ, ದೀಪಾವಳಿಗೆ ಬರುವಾಗ ತರುತ್ತೇನೆ ಎನ್ನುತ್ತಿದ್ದಾನೆ. ಯಾವುದು ಸರಿ? ಸುಮಾರು ಎರಡು ಸಾವಿರ ರೂಪಾಯಿಯವರೆಗೆ ಖರ್ಚು ಮಾಡಲು ಅಡ್ಡಿಯಿಲ್ಲ. ಊರಿನಲ್ಲಿ ಕರೆಂಟು ಹೋಗುವುದು ಹೆಚ್ಚು ಎಂಬುದನ್ನೂ ಗಮನದಲ್ಲಿಟ್ಟು ಸಲಹೆ ಕೊಡಬೇಕೆಂದು ಕೋರುತ್ತೇನೆ.

ಉತ್ತರ: ಹುಬ್ಬಳ್ಳಿ ದುರಸ್ತಿ

ನಮಸ್ಕಾರ. ರೇಡಿಯೋ ದುರಸ್ತಿ ನನ್ನ ಕಸುಬು. ಕಣ್ಣು ಮಂದವಾದ ಹಿರಿಯರಿಗೆಂದು ಕೇಳಿಕೊಂಡು ಬರುವವರಿಗೆ ನಾನು ಹೇಳುವ ಮಾತನ್ನೇ ಇಲ್ಲಿಯೂ ಹೇಳುತ್ತೇನೆ: ಅಂಕಿ ಎಷ್ಟು ದೊಡ್ಡದಾಗಿದೆ ಎಂದು ನೋಡಬೇಡಿ, ಸೆಟ್ಟು ಈಗ ಯಾವ ಸ್ಥಿತಿಯಲ್ಲಿದೆ ಎಂಬುದು ಕೈಗೆ ತಿಳಿಯುತ್ತದೆಯೇ ಎಂದು ನೋಡಿ. ನಿಮ್ಮ ದೊಡ್ಡವ್ವನವರ ಕಾಯಿಲೆಯಲ್ಲಿ ಮಸುಕಾಗುವುದು ನಟ್ಟನಡುವಿನ ನೋಟ. ನಾವು ಏನನ್ನಾದರೂ ಓದಬೇಕೆಂದು ಕಣ್ಣಿಟ್ಟ ಜಾಗವೇ ಅದು. ಅಂದಮೇಲೆ ಬೆಳಗುವ ಅಂಕಿಯಿಂದ ಅವರಿಗೆ ಹೆಚ್ಚಿನ ಉಪಯೋಗವಿಲ್ಲ.

ನಿಮ್ಮ ತಮ್ಮ ತಂದ ಸ್ಪೀಕರಿನ ತೊಂದರೆಯೂ ಇಲ್ಲಿಯೇ ಇದೆ. ಅದರಲ್ಲಿ ಒಂದೇ ಬಟನ್ನಿಗೆ ನಾಲ್ಕು ಕೆಲಸ. ಒಮ್ಮೆ ಒತ್ತಿದರೆ ಒಂದು, ಎರಡು ಸಲ ಒತ್ತಿದರೆ ಇನ್ನೊಂದು, ಒತ್ತಿ ಹಿಡಿದರೆ ಮತ್ತೊಂದು. ಬಟನ್ ಒತ್ತಿ ಬಿಟ್ಟ ಮೇಲೆ ಮೊದಲಿನಂತೆಯೇ ಇರುತ್ತದೆ. ಮುಟ್ಟಿ ನೋಡಿದರೆ ಏನೂ ತಿಳಿಯುವುದಿಲ್ಲ. ಆರಿಸಿ ಮತ್ತೆ ಹಾಕಿದಾಗ ಮೊದಲು ಬ್ಲೂಟೂತಿಗೇ ಹೋಗುವ ಸೆಟ್ಟುಗಳೂ ಬಹಳ. ಹಾಡುಗಳನ್ನು ಮೊದಲೇ ತುಂಬಿಸಿ ಮಾರುವ ಪೆಟ್ಟಿಗೆಗಳು ಒಳ್ಳೆಯ ದನಿ ಕೊಡುತ್ತವೆ, ನಿಜ. ಆದರೆ ಅವುಗಳಲ್ಲಿಯೂ ಹಾಡಿನಿಂದ ರೇಡಿಯೋಗೆ ಬರಲು ಇಂತಹದೇ ಬಟನ್ ಒತ್ತಬೇಕಾಗುತ್ತದೆ.

ಮುಳ್ಳು ಸರಿಯುವ ಸಾದಾ ರೇಡಿಯೋದಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಅವಯವ ಇರುತ್ತದೆ. ದನಿಯ ನಾಬನ್ನು ಕೆಳಕ್ಕೆ ಪೂರ್ತಿ ತಿರುಗಿಸಿದರೆ ಟಕ್ ಎಂದು ಆರುತ್ತದೆ, ಮೇಲಕ್ಕೆ ತಿರುಗಿಸಿದರೆ ಅದೇ ಟಕ್ ಸದ್ದಿನೊಂದಿಗೆ ಹತ್ತುತ್ತದೆ. ಪ್ರತಿ ಸಲವೂ ಸಣ್ಣ ದನಿಯಿಂದಲೇ ಆರಂಭವಾಗುವುದರಿಂದ ಗಾಬರಿಯೂ ಇಲ್ಲ. ರಾತ್ರಿ ಆರಿಸಿ ಬೆಳಿಗ್ಗೆ ಹಾಕಿದರೆ ನಿಲ್ದಾಣ ಇದ್ದಲ್ಲಿಯೇ ಇರುತ್ತದೆ, ಏಕೆಂದರೆ ಮುಳ್ಳನ್ನು ಯಾರೂ ಸರಿಸಿಲ್ಲ. ಅಗ್ಗದ ಡಿಜಿಟಲ್ ಸೆಟ್ಟುಗಳಲ್ಲಿ ಸೆಲ್ಲು ಬದಲಿಸಿದಾಗ ಉಳಿಸಿಟ್ಟ ನಿಲ್ದಾಣಗಳೆಲ್ಲ ಅಳಿಸಿಹೋಗುವುದುಂಟು. ಮುಳ್ಳಿನ ಸೆಟ್ಟಿಗೆ ಆ ಭಯವಿಲ್ಲ.

ಕೊಳ್ಳುವಾಗ ಟ್ಯೂನಿಂಗ್ ನಾಬನ್ನು ಈ ತುದಿಯಿಂದ ಆ ತುದಿಯವರೆಗೆ ತಿರುಗಿಸಿ ನೋಡಿ. ಒಂದು ಸುತ್ತಿನೊಳಗೇ ಮುಳ್ಳು ಪೂರ್ತಿ ಸರಿದುಬಿಟ್ಟರೆ, ಆ ನಾಬಿನ ಮೇಲೆ ಒಂದು ಉಬ್ಬಿದ ಗುರುತು ಮತ್ತು ಅದಕ್ಕೆ ಎದುರಾಗಿ ಪೆಟ್ಟಿಗೆಯ ಮೇಲೆ ಇನ್ನೊಂದು ಗುರುತು ಅಂಟಿಸಬಹುದು. ಎರಡೂ ಗುರುತು ಒಂದಕ್ಕೊಂದು ಎದುರಾದರೆ ಧಾರವಾಡ ಸಿಕ್ಕಿತು ಎಂದೇ ಅರ್ಥ. ಒಳಗೆ ದಾರ ಸುತ್ತಿರುವ ದೊಡ್ಡ ಸೆಟ್ಟುಗಳಲ್ಲಿ ನಾಬು ಹಲವು ಸುತ್ತು ತಿರುಗುತ್ತದೆ. ಅಲ್ಲಿ ಈ ಉಪಾಯ ನಡೆಯುವುದಿಲ್ಲ.

ಇಷ್ಟರ ಮೇಲೆ ಒಂದು ಮಾತು ತಿಳಿಯಬೇಕು. ಅವರು ಕೇಳುವುದು ಧಾರವಾಡದ ಮಧ್ಯಮ ತರಂಗವನ್ನೋ (ಸೆಟ್ಟಿನ ಮೇಲೆ MW ಅಥವಾ AM ಎಂದಿರುವ ಬ್ಯಾಂಡ್), ಎಫ್‌ಎಂನಲ್ಲಿ ಬರುವ ವಿವಿಧ ಭಾರತಿಯನ್ನೋ? ಈಗ ಅಂಗಡಿಗಳಲ್ಲಿರುವ ಎಷ್ಟೋ ಸೆಟ್ಟುಗಳಲ್ಲಿ ಎಫ್‌ಎಂ ಬಿಟ್ಟರೆ ಬೇರೇನೂ ಇರುವುದಿಲ್ಲ.

ಉತ್ತರ: ವರದಾತೀರ

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಧನ್ಯವಾದಗಳು. ಅವರು ಮೊದಲಿನಿಂದಲೂ ಕೇಳುತ್ತಿದ್ದುದು ಮಧ್ಯಮ ತರಂಗದ 765 ಕಿಲೋಹರ್ಟ್ಸ್. ವಿವಿಧ ಭಾರತಿಯ 103 ಮೆಗಾಹರ್ಟ್ಸ್ ನಮ್ಮ ಊರಿನಲ್ಲಿ ಮಾಳಿಗೆಯ ಮೇಲೆ ಹೋದರೆ ಬರುತ್ತದೆ, ನಡುಮನೆಯಲ್ಲಿ ಕರಕರ ಎನ್ನುತ್ತದೆ. ತಮ್ಮ ತಂದ ಸ್ಪೀಕರಿನಲ್ಲಿ ಮಧ್ಯಮ ತರಂಗವೇ ಇಲ್ಲ ಎಂಬುದು ತಮ್ಮ ಉತ್ತರ ಓದಿದ ಮೇಲೆ ಪೆಟ್ಟಿಗೆಯನ್ನು ತೆಗೆದು ನೋಡಿದಾಗ ತಿಳಿಯಿತು. ಅಮೆರಿಕದ ರೇಡಿಯೋ ತರಿಸುವುದು ಸರಿಯೇ ಎಂಬುದನ್ನೂ ಯಾರಾದರೂ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ತುಂಗಾ ಟು ಟೆಕ್ಸಾಸ್

ಅಮೆರಿಕದ ರೇಡಿಯೋ ಬಗ್ಗೆ ನಾನು ಹೇಳಬಲ್ಲೆ, ಏಕೆಂದರೆ ನಾನು ಇಲ್ಲಿಯೇ ಇದ್ದೇನೆ. ನಿಮ್ಮ ಸಹೋದರರು ದುಡ್ಡು ಹಾಕುವ ಮೊದಲು ಒಂದು ವಿಷಯವನ್ನು ವಿಚಾರಿಸಲಿ. ಅಮೆರಿಕದಲ್ಲಿ ಮಧ್ಯಮ ತರಂಗದ ನಿಲ್ದಾಣಗಳ ನಡುವಿನ ಅಂತರ 10 ಕಿಲೋಹರ್ಟ್ಸ್. ಭಾರತದಲ್ಲಿ ಅದು 9 ಕಿಲೋಹರ್ಟ್ಸ್. ಇಲ್ಲಿಯ ಡಿಜಿಟಲ್ ಸೆಟ್ಟು 760ರಿಂದ ನೇರವಾಗಿ 770ಕ್ಕೆ ಜಿಗಿಯುತ್ತದೆ, 765ರಲ್ಲಿ ನಿಲ್ಲುವುದೇ ಇಲ್ಲ. ಕೆಲವು ಸೆಟ್ಟುಗಳಲ್ಲಿ 9 ಮತ್ತು 10ರ ನಡುವೆ ಬದಲಿಸಿಕೊಳ್ಳುವ ಸೌಲಭ್ಯವಿರುತ್ತದೆ, ಅದು ಇದೆಯೆಂದು ಖಚಿತಪಡಿಸಿಕೊಳ್ಳದೆ ತರಬಾರದು. ಇಲ್ಲಿಯ ಎಫ್‌ಎಂ ನಿಲ್ದಾಣಗಳು ದಶಾಂಶದ ನಂತರ ಬೆಸ ಅಂಕಿಯಲ್ಲಿಯೇ ಇರುವುದರಿಂದ ಕೆಲವು ಸೆಟ್ಟುಗಳು 102.9ರಿಂದ 103.1ಕ್ಕೆ ಹೋಗುತ್ತವೆ, 103 ತಪ್ಪಿಹೋಗುತ್ತದೆ.

ವಿದ್ಯುತ್ತಿನದು ಇನ್ನೊಂದು ಕಥೆ. ಇಲ್ಲಿಯದು 120 ವೋಲ್ಟ್, ಅಲ್ಲಿಯದು 230 ವೋಲ್ಟ್. ಗೋಡೆಗೆ ನೇರವಾಗಿ ಸಿಕ್ಕಿಸುವ ವಯರಿರುವ ಸೆಟ್ಟನ್ನು ಊರಿನಲ್ಲಿ ಯಾರಾದರೂ ಬೇರೆ ಪಿನ್ನು ಹಾಕಿ ಸಿಕ್ಕಿಸಿದರೆ ಅಲ್ಲಿಗೆ ಮುಗಿಯಿತು. ನಿಲ್ದಾಣದ ಸಂಖ್ಯೆಯನ್ನು ಮಾತಿನಲ್ಲಿ ಹೇಳುವ ಸೌಲಭ್ಯ ಕೇಳಲು ಚೆನ್ನಾಗಿದೆ, ಆದರೆ ಅದು ಹೇಳುವುದು ಇಂಗ್ಲಿಷಿನಲ್ಲಿ. ಒಂದೇ ನಿಲ್ದಾಣ ಕೇಳುವವರಿಗೆ, ಹಾಕಿದ ಕೂಡಲೇ ಧಾರವಾಡದವರ ದನಿಯೇ ಕೇಳಿಸಿದರೆ ಬೇರೆ ಯಾರೂ ಅದನ್ನು ಹೇಳಬೇಕಾಗಿಲ್ಲ.

ಉತ್ತರ: ಮೈಸೂರಿನ ಅಧ್ಯಾಪಕಿ

ನಾನು ಅಲ್ಪದೃಷ್ಟಿಯವಳು; ದೃಷ್ಟಿ ಕಳೆದುಕೊಳ್ಳುತ್ತಿರುವ ಹಿರಿಯರಿಗೆ ಮನೆಯೊಳಗಿನ ಕೆಲಸಗಳನ್ನು ಕೈಯ ತಿಳಿವಳಿಕೆಯಿಂದ ಮಾಡಿಕೊಳ್ಳುವುದನ್ನು ಕಲಿಸುತ್ತೇನೆ. ಹುಬ್ಬಳ್ಳಿಯವರು ಹೇಳಿದ್ದನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಅದಕ್ಕೆ ಸೇರಿಸಬೇಕಾದ ಕೆಲವು ಮಾತುಗಳಿವೆ.

ದೊಡ್ಡವ್ವನವರಿಗೆ ಸಕ್ಕರೆ ಕಾಯಿಲೆ ಇದೆಯೇ, ಬೆರಳ ತುದಿ ಜೋಮು ಹಿಡಿಯುತ್ತದೆಯೇ ಎಂದು ಮೊದಲು ಕೇಳಿ. ಜೀವಮಾನವಿಡೀ ಹೊಲಮನೆಯಲ್ಲಿ ದುಡಿದ ಕೈಯ ಚರ್ಮ ದಪ್ಪವಾಗಿರುತ್ತದೆ. ನಮ್ಮಂಥವರಿಗಾಗಿ ಮಾರುವ ಪುಟ್ಟ ಉಬ್ಬುಚುಕ್ಕೆಗಳು ಅಂತಹ ಬೆರಳಿಗೆ ಹತ್ತುವುದಿಲ್ಲ. ಅವರಿಗೆ ದೊಡ್ಡ ಗುರುತೇ ಬೇಕು. ಎಂ-ಸೀಲನ್ನು ಕಲಸಿ, ಜೋಳದ ಕಾಳಿನಷ್ಟು ದಪ್ಪಕ್ಕೆ ನಾಬಿನ ಅಂಚಿನಲ್ಲಿ ಕೂರಿಸಿ ಒಂದು ರಾತ್ರಿ ಒಣಗಲು ಬಿಟ್ಟರೆ ಅದು ಕಲ್ಲಿನಂತೆ ಗಟ್ಟಿಯಾಗುತ್ತದೆ. ಹರಳು ಕೂರಿಸಿದ ಹಣೆಬೊಟ್ಟನ್ನು ಅಂಟಿಸುವವರಿದ್ದಾರೆ. ಎಲ್ಲಿ ಅಂಟಿಸಬೇಕೆಂದು ಗೊತ್ತುಮಾಡಿಕೊಳ್ಳಲು ಮೊದಲ ವಾರಕ್ಕೆ ಅದು ಒಳ್ಳೆಯದು, ಆದರೆ ಬೆವರಿಗೆ ಬೇಗ ಕಿತ್ತುಬರುತ್ತದೆ. ಗುರುತುಗಳು ಎರಡು ಮೂರಕ್ಕಿಂತ ಹೆಚ್ಚಿರಬಾರದು. ಎಲ್ಲ ಕಡೆಯೂ ಉಬ್ಬಿದ್ದರೆ ಯಾವುದು ಯಾವುದೆಂದು ಬೆರಳಿಗೆ ತಿಳಿಯದು.

ಅಂಚಿನ ನೋಟ ಉಳಿದಿದೆ ಎಂದಿರಿ, ಅದನ್ನೂ ಬಳಸಿಕೊಳ್ಳಬೇಕು. ಕಪ್ಪು ಪೆಟ್ಟಿಗೆಯ ಮೇಲೆ ಕಪ್ಪು ನಾಬು ಇದ್ದರೆ ಅಂಚಿನ ನೋಟಕ್ಕೆ ಏನೂ ಸಿಗುವುದಿಲ್ಲ. ದನಿಯ ನಾಬಿಗೆ ಹಳದಿ ಬಣ್ಣ ಬಳಿಯಿರಿ. ರೇಡಿಯೋ ಇಡುವ ಜಾಗದಲ್ಲಿ ಅದರ ಬಣ್ಣಕ್ಕೆ ಎದ್ದು ಕಾಣುವಂತಹ ಬಟ್ಟೆ ಹಾಸಿರಿ. ಕಿಟಕಿಯ ಬೆಳಕು ನೇರವಾಗಿ ಕಣ್ಣಿಗೆ ಹೊಡೆಯುವ ಕಡೆ ಇಡಬೇಡಿ, ಬೆನ್ನ ಹಿಂದಿನಿಂದ ಬೆಳಕು ಬೀಳಲಿ.

ಕಲಿಸುವಾಗ ನೀವು ಅವರ ಕೈ ಹಿಡಿದು ನಾಬಿನ ಮೇಲೆ ಇಡಬೇಡಿ. ನಿಮ್ಮ ಕೈಯ ಮೇಲೆ ಅವರ ಕೈ ಇರಲಿ, ಆಮೇಲೆ ನೀವು ನಿಧಾನವಾಗಿ ಕೈ ತೆಗೆಯಿರಿ. ಹುಡುಕುವುದನ್ನು ಯಾವಾಗಲೂ ಒಂದೇ ಕಡೆಯಿಂದ ಆರಂಭಿಸಲಿ: ಮೇಲಿನ ಹಿಡಿಕೆಯನ್ನು ಎಡಗೈಯಲ್ಲಿ ಹಿಡಿಯುವುದು, ಬಲಗೈಯನ್ನು ಹಿಡಿಕೆಯ ಬುಡದಿಂದ ಬಲಬದಿಗೆ ಇಳಿಸುವುದು, ಮೊದಲು ಸಿಗುವುದು ದನಿ, ಅದರ ಕೆಳಗೆ ಟ್ಯೂನಿಂಗ್. ಕೊಳ್ಳುವ ಮೊದಲು ಇದನ್ನು ಅವರೇ ಅಂಗಡಿಯಲ್ಲಿ ಮಾಡಿ ನೋಡುವುದು ಎಲ್ಲಕ್ಕಿಂತ ಮುಖ್ಯ. ಮನೆಯವರೆಲ್ಲ ಸೇರಿ ಆರಿಸಿ ತಂದ ವಸ್ತು ಮೂಲೆ ಸೇರುವುದನ್ನೂ, ತಾನೇ ಮುಟ್ಟಿ ಆರಿಸಿಕೊಂಡದ್ದನ್ನು ಹಿರಿಯರು ಯಾರ ಕೈಗೂ ಕೊಡದೆ ಕಾಪಾಡುವುದನ್ನೂ ನಾನು ಬಹಳ ನೋಡಿದ್ದೇನೆ.

ಉತ್ತರ: ಜಯನಗರ ವಾಸಿ

ಮಾತಿಗೆ ಓಗೊಡುವ ಸ್ಪೀಕರನ್ನು ಯಾರೂ ಹೇಳಲಿಲ್ಲವಲ್ಲ ಎಂದು ಕೇಳುತ್ತಿದ್ದೇನೆ. ನಮ್ಮ ತಂದೆಯವರಿಗೆ ಅದು ಬಹಳ ಅನುಕೂಲವಾಗಿದೆ. ಮುಟ್ಟುವ ಅಗತ್ಯವೇ ಇಲ್ಲ, ಕುಳಿತಲ್ಲಿಂದಲೇ ಕೇಳಿದರೆ ಆಕಾಶವಾಣಿ ಬರುತ್ತದೆ.

ಉತ್ತರ: ಮೈಸೂರಿನ ಅಧ್ಯಾಪಕಿ

ಜಯನಗರದವರೇ, ಮನೆಯಲ್ಲಿ ವೈಫೈ ಇದ್ದು, ಇಂಗ್ಲಿಷಿನಲ್ಲಾಗಲಿ ಹಿಂದಿಯಲ್ಲಾಗಲಿ ಕೇಳಬಲ್ಲವರಿಗೆ ಅದು ನಿಜಕ್ಕೂ ಒಳ್ಳೆಯ ಸಾಧನ, ನಾನೂ ಬಳಸುತ್ತೇನೆ. ಆದರೆ ಹಾವೇರಿ ಜಿಲ್ಲೆಯ ಕನ್ನಡ ಮಾತ್ರ ಬಲ್ಲ ಅಜ್ಜಿಯೊಬ್ಬರು ಆ ಯಂತ್ರಕ್ಕೆ ತಿಳಿಯುವ ಭಾಷೆಯಲ್ಲಿ ನಿಲ್ದಾಣದ ಹೆಸರು ಹೇಳಬೇಕು, ಕರೆಂಟು ಹೋದಾಗ ಅದು ಸುಮ್ಮನಾಗುತ್ತದೆ, ಕರೆಂಟು ಬಂದರೂ ಇಂಟರ್ನೆಟ್ಟು ಬರುವವರೆಗೆ ಕಾಯಬೇಕು. ನ್ಯೂಸ್ ಆನ್ ಏರ್ ಆಪಿನಲ್ಲಿ ಆಕಾಶವಾಣಿಯ ಕನ್ನಡ ವಾಹಿನಿಗಳು ಸಿಗುತ್ತವೆ, ಅದನ್ನು ಸೊಸೆಯ ಮೊಬೈಲಿಗೆ ಹಾಕಿಟ್ಟರೆ ರೇಡಿಯೋ ಕೆಟ್ಟ ದಿನ ಕೆಲಸಕ್ಕೆ ಬರುತ್ತದೆ. ದಿನನಿತ್ಯಕ್ಕೆ, ಆ ಊರಿನಲ್ಲಿ, ಆ ಮನೆಯಲ್ಲಿ, ಸೆಲ್ಲಿನ ರೇಡಿಯೋಗಿಂತ ನಂಬಿಕೆಯದು ಬೇರೆ ಇಲ್ಲ ಎಂದೇ ನನ್ನ ಅಭಿಪ್ರಾಯ.

ಉತ್ತರ: ವರದಾತೀರ

ತಾವೆಲ್ಲರೂ ಬರೆದದ್ದನ್ನು ಫೋನಿನಲ್ಲಿ ದೊಡ್ಡವ್ವನಿಗೆ ಓದಿ ಹೇಳಿದೆ. ಅಮೆರಿಕದ ರೇಡಿಯೋ ಬೇಡವೆಂದು ಅವರೇ ಹೇಳಿದರು. ಸಕ್ಕರೆ ಕಾಯಿಲೆ ಇಲ್ಲ, ಆದರೆ ಬಲಗೈ ಹೆಬ್ಬೆರಳು ಮಡಚಲು ಬರುವುದಿಲ್ಲವಂತೆ. ಇದುವರೆಗೆ ಈ ಮಾತನ್ನು ನಮಗೆ ಯಾರಿಗೂ ಹೇಳಿರಲಿಲ್ಲ. ಆದ್ದರಿಂದ ಪೆಟ್ಟಿಗೆಯ ಅಂಚಿನಿಂದ ಸ್ವಲ್ಪವೇ ಹೊರಗೆ ಕಾಣುವ ಚಕ್ರದಂತಹ ನಾಬು ಬೇಡ, ಮುಂದಕ್ಕೆ ಚಾಚಿಕೊಂಡಿರುವ, ಅಂಗೈಯಿಂದಲೂ ತಿರುಗಿಸಬಹುದಾದ ನಾಬು ಬೇಕು ಎಂದು ತೋರುತ್ತದೆ. ಅಂತಹ ದೊಡ್ಡ ಸೆಟ್ಟಿನಲ್ಲಿ ಟ್ಯೂನಿಂಗ್ ನಾಬು ಹಲವು ಸುತ್ತು ತಿರುಗುತ್ತದೆ ಎಂದು ಹುಬ್ಬಳ್ಳಿಯವರು ಬರೆದಿದ್ದಾರೆ. ಹಾಗಾದರೆ ಗುರುತು ಮಾಡುವುದು ಹೇಗೆ? ಇನ್ನೊಂದು ಸಂದೇಹ: ಅವರ ಹಳೆಯ ರೇಡಿಯೋದಲ್ಲಿಯೂ ಇತ್ತೀಚೆಗೆ ರಾತ್ರಿ ಹೊತ್ತು ಜೀ ಎಂಬ ಸದ್ದು ಹೆಚ್ಚಾಗಿತ್ತು. ಹೊಸತು ತಂದರೂ ಅದು ಇರುತ್ತದೆಯೇ?

ಉತ್ತರ: ಹುಬ್ಬಳ್ಳಿ ದುರಸ್ತಿ

ಹೆಬ್ಬೆರಳಿನ ವಿಷಯ ತಿಳಿದದ್ದು ಒಳ್ಳೆಯದಾಯಿತು, ಆಯ್ಕೆಯೇ ಬದಲಾಯಿತು. ಮುಂದಕ್ಕೆ ಚಾಚಿದ ದೊಡ್ಡ ನಾಬುಗಳಿರುವ ಮೇಜಿನ ಮಾದರಿಯ ಸೆಟ್ಟನ್ನೇ ತೆಗೆದುಕೊಳ್ಳಿ. ಅದರಲ್ಲಿ ಸ್ಪೀಕರೂ ದೊಡ್ಡದಿರುತ್ತದೆ. ವಯಸ್ಸಾದ ಕಿವಿಗೆ ವಾರ್ತೆಯ ಮಾತು ಬಿಡಿಬಿಡಿಯಾಗಿ ಕೇಳಬೇಕಾದರೆ ಅಂಗೈಯಗಲದ ಪುಟ್ಟ ಸೆಟ್ಟಿನ ಕೀರಲು ದನಿ ಸಾಲದು.

ಹಲವು ಸುತ್ತು ತಿರುಗುವ ನಾಬಿಗೆ ಎರಡು ದಾರಿಗಳಿವೆ. ಒಂದು, ಮುಳ್ಳನ್ನು ಕೆಳತುದಿಗೆ ತಾಗುವವರೆಗೆ ತಿರುಗಿಸಿ, ಅಲ್ಲಿಂದ ಧಾರವಾಡಕ್ಕೆ ಎಷ್ಟು ಸುತ್ತು ಎಂದು ಎಣಿಸಿ ಅವರಿಗೆ ಹೇಳಿಕೊಡುವುದು. ಯಾರಾದರೂ ಮಕ್ಕಳು ತಿರುಗಿಸಿಟ್ಟರೂ ಅವರು ತುದಿಗೆ ಹೋಗಿ ಎಣಿಸಿಕೊಂಡು ಬರಬಹುದು. ಇನ್ನೊಂದು, ನಿಲ್ದಾಣ ಕೂರಿಸಿದ ಮೇಲೆ ಟ್ಯೂನಿಂಗ್ ನಾಬಿನ ಮೇಲೆ ಒಂದು ಪಟ್ಟಿ ಅಂಟಿಸಿ ಅದು ತಿರುಗದಂತೆ ಮಾಡುವುದು. ಒಂದೇ ನಿಲ್ದಾಣ ಕೇಳುವವರಿಗೆ ನಾನು ಸಾಮಾನ್ಯವಾಗಿ ಎರಡನೆಯದನ್ನೇ ಮಾಡಿಕೊಡುತ್ತೇನೆ. ಬ್ಯಾಂಡ್ ಬದಲಿಸುವ ಸ್ವಿಚ್ಚಿಗಂತೂ ಪಟ್ಟಿ ಅಂಟಿಸಲೇಬೇಕು, ಏಕೆಂದರೆ ಧೂಳು ಒರೆಸುವಾಗ ಅದು ಜರುಗಿಬಿಟ್ಟರೆ ರೇಡಿಯೋ ಕೆಟ್ಟಿತೆಂದೇ ಎಲ್ಲರೂ ತಿಳಿಯುತ್ತಾರೆ.

ಉತ್ತರ: ಮೈಸೂರಿನ ಅಧ್ಯಾಪಕಿ

ಬ್ಯಾಂಡ್ ಸ್ವಿಚ್ಚಿಗೆ ಪಟ್ಟಿ ಅಂಟಿಸುವುದು ಸರಿ. ಟ್ಯೂನಿಂಗಿಗೆ ಅಂಟಿಸುವ ಮೊದಲು ಮಾತ್ರ ದಯವಿಟ್ಟು ಅವರನ್ನು ಕೇಳಿ. ಕಣ್ಣು ಮಂದವಾಯಿತೆಂದು ಬೇರೆ ನಿಲ್ದಾಣ ಹುಡುಕುವ ಆಸೆ ಹೋಗುವುದಿಲ್ಲ. ರಾತ್ರಿ ಮಧ್ಯಮ ತರಂಗದಲ್ಲಿ ದೂರದೂರದ ನಿಲ್ದಾಣಗಳು ಬರುತ್ತವೆ. ನಿದ್ದೆ ಬಾರದ ಹಿರಿಯರು ಮುಳ್ಳನ್ನು ಸರಿಸುತ್ತಾ ಅವನ್ನು ಕೇಳುವುದುಂಟು. ಎಣಿಸಿಕೊಂಡು ಮರಳಿ ಧಾರವಾಡಕ್ಕೆ ಬರುವುದನ್ನು ಕಲಿತರೆ ಅವರಿಗೆ ಎಲ್ಲ ದಾರಿಯೂ ತೆರೆದಿರುತ್ತದೆ.

ಉತ್ತರ: ಹುಬ್ಬಳ್ಳಿ ದುರಸ್ತಿ

ಆ ಮಾತನ್ನು ಒಪ್ಪುತ್ತೇನೆ, ಕೇಳಿಯೇ ಮಾಡಲಿ.

ಇನ್ನು ಜೀ ಎಂಬ ಸದ್ದಿನ ವಿಷಯ. ರಾತ್ರಿ ಮಾತ್ರ ಹೆಚ್ಚುತ್ತದೆ ಎಂದರೆ ಎಲ್‌ಇಡಿ ಬಲ್ಬಿನದೋ ಮೊಬೈಲ್ ಚಾರ್ಜರಿನದೋ ಕಾಟ ಇರಬಹುದು. ರೇಡಿಯೋ ಹಾಕಿಕೊಂಡು ಮನೆಯ ಬಲ್ಬುಗಳನ್ನು ಒಂದೊಂದಾಗಿ ಆರಿಸುತ್ತಾ ಬನ್ನಿ, ಯಾವುದನ್ನು ಆರಿಸಿದಾಗ ಸದ್ದು ನಿಲ್ಲುತ್ತದೆಯೋ ಅದನ್ನು ಬದಲಿಸಿ ಅಥವಾ ರೇಡಿಯೋವನ್ನು ಅದರಿಂದ ದೂರ ಇಡಿ. ಮಧ್ಯಮ ತರಂಗವನ್ನು ಹಿಡಿಯುವುದು ಪೆಟ್ಟಿಗೆಯೊಳಗೆ ಅಡ್ಡಲಾಗಿ ಮಲಗಿರುವ ಫೆರೈಟ್ ಕಡ್ಡಿಯೇ ಹೊರತು ಮೇಲೆ ಎಳೆಯುವ ಉದ್ದನೆಯ ಕೋಲಲ್ಲ. ಆ ಕಡ್ಡಿಯ ತುದಿ ಧಾರವಾಡದ ದಿಕ್ಕಿಗೆ ನೇರವಾಗಿದ್ದರೆ ದನಿ ಕುಗ್ಗುತ್ತದೆ, ಅಡ್ಡವಾಗಿದ್ದರೆ ಹೆಚ್ಚುತ್ತದೆ. ಆದ್ದರಿಂದ ಕೋಲನ್ನು ಎಳೆಯುವ ಬದಲು ಇಡೀ ಪೆಟ್ಟಿಗೆಯನ್ನು ನಿಧಾನವಾಗಿ ತಿರುಗಿಸಿ, ದನಿ ಸ್ವಚ್ಛವಾದ ದಿಕ್ಕಿಗೆ ಅದನ್ನು ನಿಲ್ಲಿಸಿ, ಹಲಗೆಯ ಮೇಲೆ ಅದರ ಎರಡು ಬದಿಗೂ ಮರದ ತೆಳುಪಟ್ಟಿ ಹೊಡೆದುಬಿಡಿ. ಒರೆಸಲು ಎತ್ತಿದರೂ ಪೆಟ್ಟಿಗೆ ಮತ್ತೆ ಅದೇ ಜಾಗಕ್ಕೆ, ಅದೇ ದಿಕ್ಕಿಗೆ ಕೂರುತ್ತದೆ. ಉದ್ದನೆಯ ಕೋಲು ಎಫ್‌ಎಂಗೆ ಬೇಕು. ನಿಮ್ಮಲ್ಲಿ ಅದನ್ನು ಮಡಚಿಯೇ ಇಡಿ, ಕಣ್ಣಿಗೆ ಚುಚ್ಚುವ ಅಪಾಯವೂ ತಪ್ಪುತ್ತದೆ.

ಸೆಲ್ಲು ದಪ್ಪನೆಯದನ್ನು ಹಾಕುವ ಸೆಟ್ಟನ್ನೇ ಆರಿಸಿ. ಒಮ್ಮೆ ಹಾಕಿದರೆ ಬಹಳ ದಿನ ಬರುತ್ತವೆ, ಹಳ್ಳಿಯ ಅಂಗಡಿಯಲ್ಲಿಯೂ ಸಿಗುತ್ತವೆ. ಬೆರಳಿನಿಂದ ಮುಟ್ಟಿದರೆ ಒಂದು ತುದಿಯಲ್ಲಿ ಮೂಗಿನಂತೆ ಉಬ್ಬಿರುತ್ತದೆ, ಇನ್ನೊಂದು ತುದಿ ಚಪ್ಪಟೆ. ಚಪ್ಪಟೆ ತುದಿ ಸ್ಪ್ರಿಂಗಿನ ಕಡೆಗೆ ಬರಬೇಕು ಎಂದು ಹೇಳಿಕೊಟ್ಟರೆ ಅವರೇ ಬದಲಿಸಿಕೊಳ್ಳುತ್ತಾರೆ. ಸೆಲ್ಲಿನ ಮುಚ್ಚಳ ಪೆಟ್ಟಿಗೆಯಿಂದ ಪೂರ್ತಿ ಕಳಚಿ ಬರುವಂತಿದ್ದರೆ ಒಂದು ದಾರದಿಂದ ಅದನ್ನು ಹಿಡಿಕೆಗೆ ಕಟ್ಟಿ, ಇಲ್ಲವಾದರೆ ಕೈಜಾರಿ ಬಿದ್ದ ಮುಚ್ಚಳವನ್ನು ಹುಡುಕುವುದೇ ಅವರಿಗೆ ಕಷ್ಟವಾಗುತ್ತದೆ. ದನಿ ಕ್ಷೀಣವಾಗಿ ಒಡೆದಂತೆ ಕೇಳಿಸಿದರೆ ಸೆಲ್ಲು ಮುಗಿಯುತ್ತಾ ಬಂದಿದೆ ಎಂದು ತಿಳಿಸಿಕೊಡಿ; ಮುಗಿದ ಸೆಲ್ಲುಗಳನ್ನು ಒಳಗೇ ಬಿಟ್ಟರೆ ನೀರೊಸರಿ ತಗಡು ತುಕ್ಕು ಹಿಡಿಯುತ್ತದೆ, ನನ್ನ ಅಂಗಡಿಗೆ ಬರುವ ಸೆಟ್ಟುಗಳಲ್ಲಿ ಈ ದೂರು ಬಹಳ. ಬದಲಿಸುವಾಗ ಹಳೆಯದೊಂದು ಹೊಸದೊಂದು ಬೆರೆಸದೆ ಎಲ್ಲವನ್ನೂ ಒಟ್ಟಿಗೆ ಬದಲಿಸಲಿ.

ಉತ್ತರ: ವರದಾತೀರ

ಶನಿವಾರ ಊರಿಗೆ ಹೋಗುವವನಿದ್ದೇನೆ. ದೊಡ್ಡವ್ವನನ್ನು ಹಾವೇರಿಯ ಅಂಗಡಿಗೆ ಕರೆದುಕೊಂಡು ಹೋಗಿ, ಮಧ್ಯಮ ತರಂಗ ಇರುವ ಮೇಜಿನ ಸೆಟ್ಟುಗಳನ್ನು ಅವರ ಮುಂದೆ ಇಡಿಸಿ, ಸೆಲ್ಲು ಹಾಕಿಸಿ, ಅವರೇ ಹಾಕಿ ಆರಿಸಿ ನೋಡಲಿ ಎಂದು ತೀರ್ಮಾನಿಸಿದ್ದೇವೆ. ಟ್ಯೂನಿಂಗಿಗೆ ಪಟ್ಟಿ ಬೇಡವೆಂದು ಅವರು ಈಗಲೇ ಹೇಳಿದ್ದಾರೆ; ಬೆಂಗಳೂರು ನಿಲ್ದಾಣವನ್ನೂ ಹುಡುಕಿಕೊಳ್ಳಬೇಕಂತೆ. ಆ 612 ಕಿಲೋಹರ್ಟ್ಸ್ ಮುಳ್ಳಿನ ಕೆಳತುದಿಗೆ ಧಾರವಾಡಕ್ಕಿಂತ ಹತ್ತಿರ ಇರುವುದರಿಂದ, ತುದಿಯಿಂದ ಎಣಿಸುವಾಗ ಮೊದಲು ಬೆಂಗಳೂರು, ಆಮೇಲೆ ಧಾರವಾಡ ಎಂದು ಹೇಳಿಕೊಡುತ್ತೇನೆ. ಎಂ-ಸೀಲು ಮತ್ತು ಹಳದಿ ಬಣ್ಣ ಇಲ್ಲಿಂದಲೇ ಒಯ್ಯುತ್ತೇನೆ.